ಒಲೆಗೆ ಬಿದ್ದ ಜೋಳ

ಅಮೆರಿಕದ ಅಯೋವಾ ರಾಜ್ಯದಲ್ಲಿ ನನ್ನ ಮಗಳು ಬಾಡಿಗೆಗಿರುವ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಮುಸುಕಿನ ಜೋಳ. ದಿಂಡಲ್ಲ, ಸಿಪ್ಪೆಯಲ್ಲ, ಕಡ್ಡಿಯಲ್ಲ. ಒಣಗಿಸಿ, ಕಸ ತೆಗೆದು, ಜರಡಿ ಹಿಡಿದ ಹಳದಿ ಕಾಳು. ನೆಲಮಾಳಿಗೆಯಲ್ಲಿ ಬೀರುವಿನ ಗಾತ್ರದ ಫರ್ನೇಸ್ ಇದೆ. ಅದರ ನೆತ್ತಿಯ ಮೇಲಿನ ಡಬ್ಬಕ್ಕೆ ಬೆಳಗ್ಗೆ ಒಂದೆರಡು ಬಕೆಟ್, ಸಂಜೆ ಒಂದೆರಡು ಬಕೆಟ್ ಕಾಳು ಸುರಿದರೆ ಮೇಲಿನ ಕೋಣೆಗಳವರೆಗೂ ಬಿಸಿಗಾಳಿ ಏರುತ್ತದೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಒಳಗೆ ತೆಳ್ಳನೆ ಸೀರೆಯಲ್ಲಿ ಓಡಾಡಬಹುದು.

ಹಿಂದಿನ ಚಳಿಗಾಲದಲ್ಲಿ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದೆ. ಮಂಡ್ಯದಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಲೇಹ್ಯ, ಸಾಂಬ್ರಾಣಿ ಎಲ್ಲ ತುಂಬಿಕೊಂಡಿದ್ದೆ. ಸಾಂಬ್ರಾಣಿ ಮಾತ್ರ ಹೋದ ಹಾಗೇ ವಾಪಸು ಬಂತು. ಆ ಮನೆಯ ಚಾವಣಿಯಲ್ಲಿ ಹೊಗೆ ಕಂಡರೆ ಅರಚುವ ಯಂತ್ರ ಕೂತಿದೆ. ಕೂಸಿಗೆ ಹೊಗೆ ಹಾಕುವುದು ಅತ್ತ ಇರಲಿ, ಒಗ್ಗರಣೆ ಸ್ವಲ್ಪ ಸೀದರೂ ಮನೆಮಂದಿಯೆಲ್ಲ ಎದ್ದು ಓಡಬೇಕು. ನಮ್ಮ ಕಡೆ ಬಾಣಂತಿ ಕೋಣೆ ಅಂದರೆ ಕೆಂಡದ ಅಗ್ಗಿಷ್ಟಿಕೆ, ಬಾಗಿಲಿಗೊಂದು ಕಂಬಳಿ. ಅಲ್ಲಿ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ 72 ಅಂತ ಒತ್ತಿದರೆ (ಅದು ಅವರ ಫ್ಯಾರನ್‌ಹೀಟ್ ಲೆಕ್ಕ, ನಮ್ಮ 22) ಕೆಲಸ ಮುಗಿಯಿತು.

ಪಾಂಡವಪುರದ ಹತ್ತಿರದ ಊರಲ್ಲಿರುವ ಅವ್ವನಿಗೆ ಫೋನಿನಲ್ಲಿ ಈ ಜೋಳದ ಸುದ್ದಿ ಹೇಳಿದೆ. ಎಂಬತ್ತು ದಾಟಿದ ಜೀವ. ಬಿದ್ದ ಅಕ್ಕಿಕಾಳನ್ನು ಕಾಲಲ್ಲಿ ಸರಿಸಿದರೆ ಈಗಲೂ ಗದರುತ್ತಾಳೆ. ಕಾಳು ಸುಡುತ್ತಾರೆ ಅಂದ ಕೂಡಲೇ ಶಿವಶಿವಾ ಅಂತ ಕೆನ್ನೆ ಬಡಿದುಕೊಳ್ಳುತ್ತಾಳೆ ಅಂತ ನಾನು ಕಾದಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದೇ ಬೇರೆ.

"ಕಾಳ್ನ ಒಲೆಗಾಕ್ತಾರೆ, ಸರಿ ಕಣವ್ವಾ. ದಿಂಡ್ನ ಏನ್ ಮಾಡ್ತಾರೆ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಜೋಳ ಬಿಡಿಸಿದ ಮೇಲೆ ದಿಂಡು ಒಲೆಗೆ, ಕಾಳು ಚೀಲಕ್ಕೆ. ಬೇರೆ ಥರ ನಡೆದದ್ದನ್ನು ಅವಳು ನೋಡಿಯೇ ಇಲ್ಲ. ದಿಂಡು ಇದ್ದೂ ಕಾಳು ಸುಡುತ್ತಾರೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು ಅನ್ನುವುದು ಅವಳ ಲೆಕ್ಕ. ಪಾಪಪುಣ್ಯದ ಮಾತಿಗೆ ಅವಳು ಆಮೇಲೂ ಬರಲಿಲ್ಲ.

ಮನೆಯ ಮಾಲೀಕ ಎಪ್ಪತ್ತು ದಾಟಿದ ರೈತ, ಪಕ್ಕದಲ್ಲೇ ವಾಸ. ಫರ್ನೇಸ್ ನೋಡಿಕೊಳ್ಳುವ ಕೆಲಸ ಅವನೇ ಇಟ್ಟುಕೊಂಡಿದ್ದ. ಅವ್ವನ ಪ್ರಶ್ನೆಯನ್ನು ಅಳಿಯನ ಬಾಯಲ್ಲಿ ಅವನಿಗೆ ಕೇಳಿಸಿದೆ. ನಕ್ಕು, ಕಿಟಕಿಯಾಚೆ ಹಿಮ ಮುಚ್ಚಿದ ಹೊಲದತ್ತ ಕೈ ತೋರಿಸಿದ. ದಿಂಡೆಲ್ಲ ಅಲ್ಲೇ ಇದೆ. ಕೊಯ್ಲಿನ ಯಂತ್ರ ಹೊಲದಲ್ಲಿ ನಡೆಯುತ್ತಲೇ ತೆನೆ ಮುರಿದು, ಸಿಪ್ಪೆ ಸುಲಿದು, ಕಾಳು ಉದುರಿಸಿ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ದಿಂಡು, ಸಿಪ್ಪೆಗಳನ್ನು ಮುರಿದು ಹಿಂದಕ್ಕೆ ಉಗುಳುತ್ತದೆ. ಮಣ್ಣಿಗೆ ಹೊದಿಕೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಅದನ್ನು ಆಯ್ದು ತರುವವರು ಯಾರು? ಸಾವಿರಾರು ಎಕರೆಯನ್ನು ಅವನೂ ಅವನ ಮಗನೂ ಇಬ್ಬರೇ ಮಾಡುತ್ತಾರೆ.

ಇಲ್ಲಿ ನಾನು ಬೆರಗಾದ ಒಂದು ಸಂಗತಿ ಇದೆ. ಒಣಗಿದ ದಿಂಡಿನ ಒಂದು ಕೆ.ಜಿ.ಯೂ ಒಣಗಿದ ಕಾಳಿನ ಒಂದು ಕೆ.ಜಿ.ಯೂ ಉರಿದಾಗ ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ಎರಡೂ 4,000 ಕಿಲೋಕ್ಯಾಲೊರಿಯ ಆಸುಪಾಸು, ಅಂದರೆ ಒಳ್ಳೆ ಸೌದೆಯಷ್ಟೇ. ಬೆಂಕಿಗೆ ಹಿಟ್ಟೂ ಒಂದೇ, ನಾರೂ ಒಂದೇ. ಹೊಟ್ಟೆಗೆ ಮಾತ್ರ ವ್ಯತ್ಯಾಸ ಗೊತ್ತು. ಹಾಗಿದ್ದ ಮೇಲೆ ಕಾಳೇ ಯಾಕೆ? ಯಾಕೆಂದರೆ ಕಾಳು ಹರಿಯುತ್ತದೆ. ಬಕೆಟ್ಟಿನಿಂದ ಸುರಿದರೆ ತಾನಾಗಿ ಇಳಿಯುತ್ತದೆ, ತಿರುಪಿನ ಕೊಳವೆಯಲ್ಲಿ ಹತ್ತುತ್ತದೆ, ಎಲ್ಲ ಒಂದೇ ಗಾತ್ರ. ಕಾಳು ತುಂಬಿದ ಚೀಲಕ್ಕೆ ದಿಂಡು ತುಂಬಿ ನೋಡಿ, ಮೂರರಲ್ಲಿ ಒಂದು ಪಾಲು ತೂಕವೂ ಬರುವುದಿಲ್ಲ. ದಿಂಡನ್ನು ಒಲೆಗೆ ಹಾಕಲು ಒಬ್ಬರು ಒಲೆ ಮುಂದೆ ಕೂರಬೇಕು. ಹಾಗೆ ಕೂರುವವರಿಲ್ಲದ ಮನೆಗಾಗಿ ಹುಟ್ಟಿದ ಯಂತ್ರ ಅದು.

ಯಂತ್ರ ಅಂದಮೇಲೆ ಅದರ ಕಾಟಗಳನ್ನೂ ಹೇಳಬೇಕು. ಕೆಳಗಿನ ತಿರುಪು ನಿಮಿಷಕ್ಕೆ ಇಷ್ಟು ಅಂತ ಕಾಳನ್ನು ಬಾಣಲೆಯಷ್ಟಗಲದ ಉರಿಗುಂಡಿಗೆ ತಳ್ಳುತ್ತದೆ. ಒಂದು ಫ್ಯಾನು ಬೆಂಕಿಗೆ ಗಾಳಿ ಊದುತ್ತದೆ. ಇನ್ನೊಂದು ಫ್ಯಾನು ಕಾದ ಲೋಹದ ಕೊಳವೆಗಳ ಸುತ್ತ ಮನೆಯ ಗಾಳಿಯನ್ನು ಹಾಯಿಸುತ್ತದೆ. ಹೊಗೆ ಬೇರೆ ದಾರಿಯಲ್ಲಿ ಹೊರಗೆ, ಬಿಸಿಗಾಳಿ ಬೇರೆ ದಾರಿಯಲ್ಲಿ ಒಳಗೆ. ಕಾಳಿನ ತೇವ ನೂರಕ್ಕೆ 15ರ ಒಳಗಿರಬೇಕು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಜೋಳ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಮೊದಲು ಮರದ ಪುಡಿಯ ಗುಳಿಗೆ ಹಾಕಿ ಕೆಂಡ ಮಾಡಿಕೊಂಡು, ಆಮೇಲೆ ಕಾಳು ಬಿಡಬೇಕು. ಒಮ್ಮೆ ಹಿಡಿದರೆ ಬಿಡುವುದೂ ಇಲ್ಲ.

ದೊಡ್ಡ ತಲೆನೋವು ಬೂದಿಯದು. ನಮ್ಮ ನೀರೊಲೆಯ ಬೂದಿ ಬೂದಿಯಾಗಿಯೇ ಉಳಿಯುತ್ತದೆ, ಪಾತ್ರೆ ತಿಕ್ಕಬಹುದು, ಅವರೆ ಬಿತ್ತನೆಗೆ ಬೆರೆಸಿಡಬಹುದು. ಜೋಳದ ಕಾಳಿನಲ್ಲಿ ಪೊಟ್ಯಾಷ್, ರಂಜಕ ಹೆಚ್ಚು. ಊದುಗಾಳಿಯ ಆ ಬೆಂಕಿಯಲ್ಲಿ ಬೂದಿ ಕರಗಿ, ಅಂಟಿಕೊಂಡು, ಕಮ್ಮಾರನ ಕುಲುಮೆಯ ಕಿಟ್ಟದಂಥ ಗಟ್ಟಿ ಬಿಲ್ಲೆಯಾಗುತ್ತದೆ. ಅದನ್ನು ದಿನಾ ಕಬ್ಬಿಣದ ಕೊಕ್ಕೆಯಿಂದ ಎಬ್ಬಿಸಿ ತೆಗೆಯದಿದ್ದರೆ ಉರಿಗುಂಡಿ ಕಟ್ಟಿಕೊಂಡು ಬೆಂಕಿ ಆರುತ್ತದೆ. ಅದಕ್ಕೇ ಆ ಮುದುಕ ಕಾಳಿಗೆ ಒಂದು ಹಿಡಿ ಕಪ್ಪೆಚಿಪ್ಪಿನ ಪುಡಿ ಬೆರೆಸುತ್ತಿದ್ದ. ಕೋಳಿಗೆ ಹಾಕುವ ಸುಣ್ಣದಂಶದ ಪುಡಿ ಅದು, ಬಿಲ್ಲೆ ಸ್ವಲ್ಪ ಪುಡಿಪುಡಿಯಾಗಿ ಬರುತ್ತದಂತೆ. ಇನ್ನು ಕಾಳಿದ್ದಲ್ಲಿ ಇಲಿ. ಆ ವಿಷಯದಲ್ಲಿ ಅಯೋವಾಕ್ಕೂ ಪಾಂಡವಪುರಕ್ಕೂ ಭೇದವಿಲ್ಲ. ಕರೆಂಟು ಹೋದರೆ ತಿರುಪೂ ನಿಂತಿತು, ಫ್ಯಾನೂ ನಿಂತಿತು. ಹಿಮಗಾಳಿಗೆ ಒಂದು ರಾತ್ರಿ ಲೈನ್ ಹೋದಾಗ ಮೂಟೆಗಟ್ಟಲೆ ಸೌದೆಯಂಥ ಕಾಳು ಕಾಲ ಬುಡದಲ್ಲಿದ್ದರೂ ನಾವು ಕೂಸನ್ನು ನಡುವೆ ಹಾಕಿಕೊಂಡು ಒಂದೇ ಹಾಸಿಗೆಯಲ್ಲಿ ಮುದುರಿದೆವು. ಅಗ್ಗಿಷ್ಟಿಕೆಗೆ ಕರೆಂಟು ಬೇಡ ಅಂತ ಅವತ್ತು ಅಳಿಯನಿಗೆ ಒಂದು ಮಾತು ಹೇಳಿಯೇಬಿಟ್ಟೆ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು, ಕೈ ಸುಮ್ಮನಿರದು. ಅಲ್ಲಿ ಜೋಳ ಅಳೆಯುವುದು ಬುಶೆಲ್‌ನಲ್ಲಿ. ಒಂದು ಬುಶೆಲ್ ಅಂದರೆ 56 ಪೌಂಡು, ನಮ್ಮ ಸುಮಾರು 25.4 ಕೆ.ಜಿ. ಚಳಿ ಜೋರಾದ ದಿನ ಆ ಮನೆಗೆ ಎರಡು ಬುಶೆಲ್ ಬೇಕು, ಇಡೀ ಚಳಿಗಾಲಕ್ಕೆ ನಾಲ್ಕೈದು ಟನ್. ಅಯೋವಾದಲ್ಲಿ ಎಕರೆಗೆ 200 ಬುಶೆಲ್ ಮಾಮೂಲಿ, ಅಂದರೆ ಐದು ಟನ್. ಒಂದು ಎಕರೆ ಬೆಳೆ ಒಂದು ಮನೆಯ ಚಳಿಗಾಲವನ್ನು ದಾಟಿಸುತ್ತದೆ ಅಂತಾಯಿತು. ಬುಶೆಲ್‌ಗೆ ನಾಲ್ಕು ಡಾಲರ್ ಆಸುಪಾಸು ಇದ್ದರೆ, ಅಷ್ಟೇ ಶಾಖಕ್ಕೆ ನಾಲ್ಕು ಗ್ಯಾಲನ್‌ಗೂ ಮಿಕ್ಕಿ ಪ್ರೊಪೇನ್ ಗ್ಯಾಸ್ ಸುಡಬೇಕು, ಅದು ಜೋಳಕ್ಕಿಂತ ದುಬಾರಿ. ಪೇಟೆಯ ಮನೆಗಳಿಗೆ ಕೊಳವೆಯಲ್ಲಿ ಗ್ಯಾಸ್ ಅಗ್ಗಕ್ಕೆ ಬರುತ್ತದೆ, ಅಲ್ಲಿ ಈ ಲೆಕ್ಕ ಗಿಟ್ಟದು. ಹೊಲದ ನಡುವಿನ ಮನೆಗೆ ಲಾರಿಯಲ್ಲಿ ಗ್ಯಾಸ್ ಬರಬೇಕು, ಜೋಳ ಮಾತ್ರ ಹಿತ್ತಲಲ್ಲೇ ಇದೆ. 2005ರಲ್ಲಿ ಕತ್ರಿನಾ ಚಂಡಮಾರುತ ಹೊಡೆದು ಇಂಧನದ ಬೆಲೆ ಏರಿದಾಗ, ಜೋಳ ಬುಶೆಲ್‌ಗೆ ಎರಡು ಡಾಲರ್ ಹತ್ತಿರವಿದ್ದಾಗ, ಈ ಒಲೆಗಳಿಗೆ ಜನ ಮುಗಿಬಿದ್ದಿದ್ದರು. 2012ರ ಬರಗಾಲದಲ್ಲಿ ಜೋಳ ಏಳು ಡಾಲರ್ ದಾಟಿತು, ಎಷ್ಟೋ ಒಲೆಗಳು ತಣ್ಣಗಾದವು. "ಆರು ಡಾಲರ್ ದಾಟಿದರೆ ಜೋಳ ಮಾರಿ ಗ್ಯಾಸ್ ತರಿಸುತ್ತೇನೆ" ಅಂದ ಮುದುಕ. ಅವನಿಗೆ ಅದು ಧರ್ಮಸಂಕಟವೇ ಅಲ್ಲ. ಆ ಜೋಳ ಹಂದಿಗೆ, ದನಕ್ಕೆ, ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ ಹೋಗುವಂಥದ್ದು; ಬೂಷ್ಟು ಹಿಡಿದು ದನಕ್ಕೂ ಹಾಕಲಾಗದ ಕಾಳು ಬೇರೆ ಪ್ರತಿ ವರ್ಷ ಅಷ್ಟೋ ಇಷ್ಟೋ ಇರುತ್ತದೆ. ಬೂಷ್ಟಿನ ವಿಷ ದನದ ಹೊಟ್ಟೆಗೆ ಹೋಗುವುದಕ್ಕಿಂತ ಬೆಂಕಿಗೆ ಹೋಗುವುದು ಮೇಲು. ಅದನ್ನು ಅವ್ವನೂ ಒಪ್ಪುತ್ತಾಳೆ.

ಅವನು ಹೇಳಿದ್ದರಲ್ಲಿ ನನ್ನ ತಲೆಯಿಂದ ಇಳಿಯದೇ ಉಳಿದದ್ದು ಅವನ ಅಪ್ಪನ ಕಾಲದ ಮಾತು. 1930ರ ದಶಕದ ಆರಂಭದಲ್ಲಿ, ಮಹಾ ಆರ್ಥಿಕ ಕುಸಿತದ ಹೊತ್ತಿಗೆ, ಅಯೋವಾದ ಕೆಲವೆಡೆ ಜೋಳದ ಬೆಲೆ ಬುಶೆಲ್‌ಗೆ ಹತ್ತು ಸೆಂಟಿನ ಹತ್ತಿರಕ್ಕೆ ಬಿತ್ತು. ಕಲ್ಲಿದ್ದಲಿಗಿಂತ ಜೋಳ ಅಗ್ಗವಾಯಿತು. ರೈತರು ಮಾರದೆ ಒಲೆಗೆ ತುಂಬಿದರು. ಆಗ ಯಾವ ತಿರುಪು, ಯಾವ ಫ್ಯಾನು? ಅಡುಗೆ ಒಲೆಗೇ ತೆನೆತೆನೆಯಾಗಿ ಹಾಕುತ್ತಿದ್ದರು. ಊರುಗಳಲ್ಲಿ ಜನ ಬ್ರೆಡ್ಡಿಗೆ ಸಾಲು ನಿಂತಿದ್ದರು, ಹಳ್ಳಿಯಲ್ಲಿ ಕಾಳು ಉರಿಯುತ್ತಿತ್ತು.

ಅದೇ ಕಾಲಕ್ಕೆ ನಮ್ಮ ಮಂಡ್ಯದಲ್ಲಿ ಏನು ನಡೆಯುತ್ತಿತ್ತು ಅಂತ ಯೋಚಿಸಿದರೆ ವಿಚಿತ್ರ ಅನಿಸುತ್ತದೆ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹೊಸದಾಗಿ ಬಂದಿತ್ತು. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಗೆ ಉರಿ ಅಂದರೆ ಅರೆದು ಉಳಿದ ಕಬ್ಬಿನ ರಚ್ಚು. ಅದಕ್ಕೂ ಎಷ್ಟೋ ಹಿಂದಿನಿಂದ ನಮ್ಮ ಆಲೆಮನೆಗಳು ಹಾಗೇ ನಡೆದವು. ಕಬ್ಬಿನ ಹಾಲು ಕೊಪ್ಪರಿಗೆಗೆ, ರಚ್ಚು ಬಯಲಿಗೆ. ಅಲ್ಲಿ ಒಣಗಿ ಒಲೆಗೆ. ಬಿಸಿಲು ಚೆನ್ನಾಗಿದ್ದರೆ ಕಬ್ಬಿನ ಹಾಲನ್ನು ಬೆಲ್ಲ ಮಾಡುವುದಕ್ಕೆ ಅದೇ ಕಬ್ಬಿನ ರಚ್ಚೇ ಸಾಕು, ಹೊರಗಿನ ಒಂದು ತುಂಡು ಸೌದೆ ಬೇಡ. ಮಳೆಗಾಲದಲ್ಲಿ ರಚ್ಚು ಒಣಗದೆ ಕೆಲವರು ಹಳೇ ಟಯರು, ಪ್ಲಾಸ್ಟಿಕ್ಕು ತಂದು ಉರಿ ಹಾಕುತ್ತಾರೆ. ಆ ಕಪ್ಪು ಹೊಗೆ ಬೆಲ್ಲಕ್ಕೂ ಊರಿಗೂ ಹತ್ತುತ್ತದೆ. ಅದಕ್ಕಿಂತ ಜೋಳದ ಕಾಳು ಸುಟ್ಟಿದ್ದರೇ ವಾಸಿಯಿತ್ತು ಅಂತ ನನಗೆ ಬಾಯಿಗೆ ಬರುತ್ತದೆ.

ಇನ್ನೊಂದು ನೆನಪು. ನನ್ನ ವಯಸ್ಸಿನವರು ಹಳ್ಳಿ ಶಾಲೆಯಲ್ಲಿ ಮಧ್ಯಾಹ್ನ ತಿಂದ ಹಳದಿ ಉಪ್ಪಿಟ್ಟು ಮರೆತಿಲ್ಲ. ಕೇರ್ ಸಂಸ್ಥೆಯ ಹೆಸರಿನಲ್ಲಿ ಅಮೆರಿಕದಿಂದ ಬರುತ್ತಿದ್ದ ಜೋಳದ ಪುಡಿ, ಗೋಧಿ ನುಚ್ಚು, ಹಾಲಿನ ಪುಡಿ. ಮನೆಯಲ್ಲಿ ಮುದ್ದೆ ಸೊಪ್ಪಿನ ಸಾರು ಉಂಡು ಬೆಳೆದ ನಮಗೆ ಆ ಉಪ್ಪಿಟ್ಟಿನ ವಾಸನೆಯೇ ಒಂದು ಹಬ್ಬ. ತಟ್ಟೆ ಹಿಡಿದು ಸಾಲಲ್ಲಿ ನಿಲ್ಲುವಾಗ ಅದು ದಾನ ಅಂತ ಗೊತ್ತಿತ್ತು. ಮಿಕ್ಕಿದ್ದು ಅಂತ ಗೊತ್ತಿರಲಿಲ್ಲ. ಹೊರದೇಶಗಳಿಗೆ ಧಾನ್ಯ ಕಳಿಸಲು 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಕಾನೂನಿನ ಹಿಂದೆ ಕರುಣೆ ಎಷ್ಟಿತ್ತೋ, ಗೋದಾಮಿನಲ್ಲಿ ಬೆಟ್ಟದ ಹಾಗೆ ಬಿದ್ದಿದ್ದ ಧಾನ್ಯವನ್ನು ಸಾಗಹಾಕುವ ಅವಸರವೂ ಅಷ್ಟೇ ಇತ್ತು. ಬೆಲೆ ಬೀಳಬಾರದು ಅಂದರೆ ಕಾಳು ಎಲ್ಲಾದರೂ ಖರ್ಚಾಗಬೇಕು. ಒಂದು ಕಾಲಕ್ಕೆ ಅದು ನನ್ನ ತಟ್ಟೆಗೆ ಬಂತು, ಇನ್ನೊಂದು ಕಾಲಕ್ಕೆ ಎಥನಾಲ್ ಕಾರ್ಖಾನೆಗೆ ಹೋಯಿತು, ಸ್ವಲ್ಪ ಪಾಲು ನನ್ನ ಮೊಮ್ಮಗಳ ಕೋಣೆ ಬೆಚ್ಚಗೆ ಮಾಡಿತು.

ಊರಿಗೆ ಬಂದ ಮೇಲೆ ಅವ್ವನ ಬಚ್ಚಲುಮನೆಯನ್ನು ಹೊಸ ಕಣ್ಣಿಂದ ನೋಡಿದೆ. ನಮ್ಮಲ್ಲಿ ಮನೆ ಕಾಯಿಸುವ ಪಾಡಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ಹದಿನೈದು ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಸುತ್ತಿಕೊಂಡು ಚಳಿ ಚಳಿ ಅನ್ನುತ್ತೇವೆ. ಕಾಯಬೇಕಾದದ್ದು ಹಂಡೆಯ ನೀರು ಮಾತ್ರ. ಅದಕ್ಕೆ ಅವಳು ಹಾಕುವ ಉರಿಯಲ್ಲಿ ದುಡ್ಡು ಕೊಟ್ಟು ತಂದದ್ದು ಒಂದೂ ಇಲ್ಲ. ತೆಂಗಿನ ಗರಿ, ಮಟ್ಟೆ, ಚಿಪ್ಪು, ಹೊಂಬಾಳೆ, ಹುರುಳಿ ಕಡ್ಡಿ, ಕಬ್ಬಿನ ತರಗು, ಜೋಳದ ದಿಂಡು. ಯಾವುದು ಮೊದಲು, ಯಾವುದು ಆಮೇಲೆ ಅಂತ ಅವಳಿಗೊಂದು ಕ್ರಮ ಇದೆ. ಗರಿ ಹೊತ್ತಿಸುವುದಕ್ಕೆ, ದಿಂಡು ಉರಿ ಏರುವುದಕ್ಕೆ, ಮಟ್ಟೆ ಕೆಂಡ ನಿಲ್ಲುವುದಕ್ಕೆ. ಇಬ್ಬರ ಸ್ನಾನದ ನೀರಿಗೆ ಒಂದು ಮಂಕರಿ ದಿಂಡು ಸಾಕು.

ಇದನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಅಯೋವಾದ ಫರ್ನೇಸ್‌ನಲ್ಲಿ ತಿರುಪು ಮಾಡುವ ಕೆಲಸವನ್ನು ಇಲ್ಲಿ ಅವ್ವನ ಕೈ ಮಾಡುತ್ತದೆ, ಫ್ಯಾನಿನ ಕೆಲಸವನ್ನು ಊದುಗೊಳವೆ ಹಿಡಿದ ಅವಳ ಬಾಯಿ ಮಾಡುತ್ತದೆ. ಅಲ್ಲಿ ಹೊಗೆಗೆ ಉಕ್ಕಿನ ಕೊಳವೆ, ಇಲ್ಲಿ ಹೆಂಚಿನ ಸಂದಿ. ಅವಳ ಕೆಮ್ಮು, ಕೆಂಪು ಕಣ್ಣು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಎಂಬ ತಂಡ ಮುಂದೆ ಹೊಗೆ ಕೊಳವೆಯ ಒಲೆಯೊಂದನ್ನು ರೂಪಿಸಿತು. ಅಸ್ತ್ರ ಒಲೆ ಅಂತ ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಯಿತು. ಸೌದೆಯೂ ಕಡಿಮೆ, ಹೊಗೆಯೂ ಹೊರಗೆ. ನಮ್ಮ ಅಡುಗೆಮನೆಗೂ ಹಾಕಿಸಿದ್ದೆವು, ಗ್ಯಾಸ್ ಬಂದ ಮೇಲೆ ಒಡೆದೆವು. ಬಚ್ಚಲಿನ ಒಲೆಯ ಹೊಗೆಯ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಗೀಸರ್ ಹಾಕಿಸುತ್ತೇನೆ ಅಂದರೆ ಅವ್ವ "ದಿಂಡು ಕೊಳೀತಾ ಬಿದ್ದಿರ್ಲಾ?" ಅಂತ ಕೇಳುತ್ತಾಳೆ. ಅವಳ ಜೊತೆ ವಾದದಲ್ಲಿ ಗೆದ್ದವರಿಲ್ಲ.

ಈ ಲೆಕ್ಕಗಳಿಗೆಲ್ಲ ಬಿಸಿ ತಟ್ಟಿದ್ದು 2025ರ ನವೆಂಬರ್‌ನಲ್ಲಿ. ಕೇಂದ್ರ ಸರ್ಕಾರ ಮುಸುಕಿನ ಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ಮಾರುಕಟ್ಟೆಯಲ್ಲಿ 1,600ರಿಂದ 1,800ಕ್ಕೆ ಕೇಳುತ್ತಿದ್ದರು. ಹಾವೇರಿ, ಗದಗ ಕಡೆ ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ನನ್ನ ತಮ್ಮ ಆ ವರ್ಷ ಎರಡು ಎಕರೆಗೆ ಜೋಳ ಹಾಕಿದ್ದ. ಕಣದಲ್ಲಿ ಟಾರ್ಪಾಲಿನ ಮೇಲೆ ಕಾಳು ಹರಡಿ, ಅದರ ಪಕ್ಕ ಕೂತಿದ್ದ. ನಾನು ಅಯೋವಾದ ಕಥೆ ಹೇಳುತ್ತಾ ಮೊಬೈಲಿನಲ್ಲಿ ಗುಣಿಸಿದೆ. ಮನೆಗೆ ಬರುವ 14.2 ಕೆ.ಜಿ. ಗ್ಯಾಸ್ ಸಿಲಿಂಡರಿನಲ್ಲಿ ಇರುವಷ್ಟು ಶಾಖ ಸುಮಾರು 40 ಕೆ.ಜಿ. ಜೋಳದಲ್ಲಿದೆ. ಕೆ.ಜಿ.ಗೆ 17 ರೂಪಾಯಿ ಅಂದರೆ 680. ಸಿಲಿಂಡರ್ ಆಗ ಒಂಬೈನೂರರ ಹತ್ತಿರ ಇತ್ತು. ಬೆಂಬಲ ಬೆಲೆ ಸಿಕ್ಕಿದ್ದರೆ ಅದೇ ಜೋಳ 960 ಆಗುತ್ತಿತ್ತು, ಸುಡುವ ಮಾತೇ ಏಳುತ್ತಿರಲಿಲ್ಲ.

"ಹಂಗಾರೆ ಗ್ಯಾಸ್‌ಗಿಂತ ನನ್ ಜೋಳ ಅಗ್ಗ ಅನ್ನಕ್ಕ."

"ಲೆಕ್ಕ ಹಂಗೇ ಬತ್ತದೆ ಕಣೋ."

"ಮತ್ತೆ ಸುಟ್ಬುಡದೇ ವಾಸಿ."

ತಮಾಷೆಗೆ ಅಂದದ್ದು. ನಗು ಬರಲಿಲ್ಲ, ಅವನಿಗೂ ಬರಲಿಲ್ಲ. ಅಯೋವಾದ ಆ ಮುದುಕನ ಅಪ್ಪ ಹತ್ತು ಸೆಂಟಿನ ಜೋಳವನ್ನು ಒಲೆಗೆ ಹಾಕಿದ್ದು ಹೀಗೇ ಇರಬೇಕು ಅಂತ ನನಗೆ ಆ ಕಣದಲ್ಲಿ ಕೂತಾಗ ಅರ್ಥವಾಯಿತು. ಅವನಿಗೆ ಕಾಳಿನ ಮೇಲೆ ಗೌರವ ಕಡಿಮೆಯಿತ್ತು ಅಂತಲ್ಲ. ಕೊಳ್ಳುವವನು ಅವನ ಕಾಳಿಗೆ ಕಲ್ಲಿದ್ದಲಿಗಿಂತ ಕಡಿಮೆ ಕಟ್ಟಿದ್ದ.

ಅಷ್ಟಕ್ಕೂ ನಾವು ಕಾಳು ಸುಡುವುದಿಲ್ಲ ಅನ್ನುವ ಹಾಗೂ ಇಲ್ಲ ಈಗ. ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್ ಇಳಿಯುತ್ತದೆ. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸುತ್ತಾರೆ. ಆ ಎಥನಾಲ್ ಪೂರ್ತಿ ಜೋಳದ್ದೇ ಆಗಿದ್ದರೆ ನನ್ನ ಸ್ಕೂಟರಿಗೆ ಹಾಕಿಸುವ ಒಂದೊಂದು ಲೀಟರಿನಲ್ಲೂ ಅರ್ಧ ಕೆ.ಜಿ. ಕಾಳು ಇದೆ. ಹಿಂಡಿಯಾಗಿ ಉಳಿದದ್ದು ದನ, ಕೋಳಿಯ ಮೇವಿಗೆ ಹೋಗುತ್ತದೆ, ಎಲ್ಲವೂ ಹೊಗೆಯಾಗುವುದಿಲ್ಲ, ನಿಜ. ಆದರೂ ಮಂಡ್ಯದಿಂದ ಊರಿಗೆ ಹೋಗಿ ಬರುವಾಗ ಒಂದು ಹಿಡಿ ರೊಟ್ಟಿಹಿಟ್ಟು ಉರಿದಿರುತ್ತದೆ. ಎಥನಾಲ್ ಬಂದರೆ ಜೋಳಕ್ಕೆ ಬೆಲೆ ನಿಲ್ಲುತ್ತದೆ ಅಂತ ನಮ್ಮ ರೈತರಿಗೆ ಹೇಳಿದ್ದರು. ಅದಕ್ಕೇ ಎಷ್ಟೋ ಜನ ಬೇರೆ ಬೆಳೆ ಬಿಟ್ಟು ಇದಕ್ಕೆ ಬಂದರು. ಬೆಳೆ ಹೆಚ್ಚಾಯಿತು, ಬೆಲೆ ನಿಲ್ಲಲಿಲ್ಲ. ಅಮೆರಿಕದ ರೈತನಿಗೆ ಜೋಳದ ಬೆಲೆ ಬಿದ್ದುಹೋದರೆ ಸುಟ್ಟಾದರೂ ಗ್ಯಾಸಿನ ಬಿಲ್ಲು ಉಳಿಸುವ ಒಂದು ಕಿಂಡಿ ಇದೆ. ನಮ್ಮವನಿಗೆ ಅದೂ ಇಲ್ಲ. ಸುಟ್ಟು ಕಾಯಿಸಲು ನಮ್ಮ ಮನೆಗೆ ಚಳಿಯೇ ಬರುವುದಿಲ್ಲ.

ತಮ್ಮ ಕೊನೆಗೆ ಕೋಳಿ ಫಾರಂಗೆ ಸರಬರಾಜು ಮಾಡುವವರಿಗೆ ಅರ್ಧ ಕೊಟ್ಟ, ಅರ್ಧವನ್ನು ಹಸುಗಳಿಗೆ ಬೀಸಿ ಹಾಕುತ್ತೇನೆ ಅಂತ ಇಟ್ಟುಕೊಂಡ. ಆ ಅರ್ಧಕ್ಕೆ ಆಗಲೇ ಹುಳ ಬೀಳಲು ಶುರುವಾಗಿದೆ. ಈ ಸಲ ಆ ಎರಡು ಎಕರೆಗೂ ಕಬ್ಬು ನಾಟಿ ಮಾಡಿಸಿದ್ದಾನೆ. ಆಲೆಮನೆಯವನು ಮುಂಗಡ ಕೊಡುತ್ತೇನೆ ಅಂದಿದ್ದಾನಂತೆ. ಎಷ್ಟು ಅಂತ ಕೇಳಿದರೆ ಇನ್ನೂ ಹೇಳಿಲ್ಲ.